ಜುಟ್ಟಪ್ಪನ ಉಯ್ಯಾಲೆ

ಬೀದಿಯವರೆಲ್ಲ ಅವನನ್ನು ಡಬ್ಬಿ ಮಾಮ ಎಂದೇ ಕರೆಯುತ್ತಿದ್ದರು. ತಗಡಿನ ಕೆಲಸದಲ್ಲಿ ನಲವತ್ತೆರಡು ವರ್ಷ ಸವೆಸಿದ ಮನುಷ್ಯ. ಬಕೆಟ್ಟು, ಲಾಳಿಕೆ, ಕಾಳಿನ ಡಬ್ಬ, ಸೂರಿನ ನೀರು ಹರಿದುಹೋಗುವ ದೋಣಿ, ಹೀಗೆ ಅವನ ಕೈಯ ಒಂದಾದರೂ ಸಾಮಾನು ಇಲ್ಲದ ಮನೆ ಆ ಬೀದಿಯಲ್ಲಿರಲಿಲ್ಲ. ಮುಂದೆ ಒಂದೇ ಷಟರಿನ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿದ ತಗಡಿನ ಹಾಳೆಗಳ ನಡುವೆ ಕೂತು ಅವನು ಕೊಡತಿ ಬೀಸತೊಡಗಿದರೆ ಪಕ್ಕದ ಮನೆಯವರು ಆಡುತ್ತಿದ್ದ ಮಾತು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಕೆಲಸ ಮಾತ್ರ ಅಚ್ಚುಕಟ್ಟು. ಅದರ ಜೊತೆಗೆ ಒಂದು ಉಪದೇಶ ಪುಕ್ಕಟೆ. ಗಿರಾಕಿ ಬಕೆಟ್ಟನ್ನು ತಿರುಗಿಸಿ ನೋಡಿದರೆ ಸಾಕು, ಶುರು ಮಾಡುತ್ತಿದ್ದ: "ಈ ಹೊಳಪು ಸುಮ್ನೆ ಬಂದಿದ್ದಲ್ಲ. ಕಬ್ಬಿಣದ ಮೇಲೆ ಸತುವಿನ ಲೇಪ ಇದೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡಿಯಲ್ಲ, ತಗೊಂಡು ಹೋಗಿ."

ಗೊತ್ತಿರುವ ವಿಷಯದಲ್ಲಿ ಅವನು ಇನ್ನೊಬ್ಬರ ಮಾತನ್ನು ಕಿವಿಗೆ ಹಾಕಿಕೊಳ್ಳುವವನಲ್ಲ. ಗೊತ್ತಿಲ್ಲದ ವಿಷಯದಲ್ಲೂ ಹಾಕಿಕೊಳ್ಳುತ್ತಿರಲಿಲ್ಲ, ಅವನ ಸಂಸಾರ ಹಾಳಾದದ್ದು ಅದರಿಂದ. ಒಂಬತ್ತು ವರ್ಷದ ಹಿಂದೆ ಹೆಂಡತಿಗೆ ಹೊಟ್ಟೆನೋವು ಬಂತು. "ಗ್ಯಾಸು, ಬಿಸಿನೀರು ಕುಡಿ" ಎಂದ. ಹದಿನೇಳು ವರ್ಷದ ಮಗಳು ಆಸ್ಪತ್ರೆಗೆ ಹೋಗೋಣ ಅಂತ ಮೂರು ದಿನ ಅಂಗಲಾಚಿದಳು. ಮೂರು ದಿನವೂ ಈ ಪುಣ್ಯಾತ್ಮ ಕೊಡತಿ ಕೆಳಗಿಡಲಿಲ್ಲ. ನಾಲ್ಕನೆಯ ದಿನ ಕರೆದುಕೊಂಡು ಹೋದಾಗ ಹೊಟ್ಟೆಯೊಳಗೆ ಕರುಳು ಒಡೆದು ಕೀವಾಗಿತ್ತು. ಹೆಂಡತಿ ಮನೆಗೆ ವಾಪಸು ಬರಲಿಲ್ಲ. ತಿಂಗಳು ತುಂಬುವುದರೊಳಗೆ ಮಗಳು ಒಂದು ಚೀಲ ಹಿಡಿದು ಚಿಕ್ಕಮ್ಮನ ಊರಿಗೆ ಹೋದಳು. ಅಲ್ಲೇ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು. ವರ್ಷಕ್ಕೊಂದೆರಡು ಸಲ ಫೋನಿನಲ್ಲಿ "ಚೆನ್ನಾಗಿದ್ದೀಯಾ", "ಇದ್ದೀನಿ" ಎಂಬಷ್ಟು ಮಾತು ಉಳಿದಿತ್ತು. ಅದೂ ಅವನೇ ಮಾಡಿದರೆ.

ಅಂಥ ಮಗಳು ಒಂದು ಭಾನುವಾರ ಹೇಳದೆ ಕೇಳದೆ ಬಂದು ಅಂಗಡಿಯ ಮುಂದೆ ನಿಂತಳು. ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ಪಂಜರ. ಕನ್ನಡಕದ ಅಂಗಡಿಯ ಯಜಮಾನರು ಬೇರೆ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಾರಂತೆ, ಮೂರು ತಿಂಗಳು ಅಲ್ಲಿದ್ದು ಕೆಲಸಗಾರರಿಗೆ ಕಲಿಸಬೇಕಂತೆ. ಉಳಿಯುವುದು ನಾಲ್ಕು ಹುಡುಗಿಯರ ಕೋಣೆಯಲ್ಲಿ, ಹಕ್ಕಿಗೆ ಜಾಗವಿಲ್ಲ. ಚಿಕ್ಕಮ್ಮನಿಗೆ ಹಕ್ಕಿಯ ಪುಕ್ಕ ಕಂಡರೆ ಉಬ್ಬಸ. ಬೇರೆ ದಾರಿ ಇದ್ದಿದ್ದರೆ ಅವಳು ಅಲ್ಲಿಗೆ ಬರುತ್ತಲೇ ಇರಲಿಲ್ಲ, ಅದು ಅವಳ ಮುಖದ ಮೇಲೇ ಬರೆದಿತ್ತು.

"ಕಾಳು, ನೀರು, ದಿನಾ ಪಂಜರದ ಕೆಳಗಿನ ಕಾಗದ ಬದಲಾಯಿಸೋದು. ಅಷ್ಟೇ. ಇವನಿಗೆ ಆರು ವರ್ಷ, ಇನ್ನೂ ಹತ್ತು ವರ್ಷ ಬದುಕೋ ಜಾತಿ," ಎಂದಳು. ನಿಂತೇ ಮಾತಾಡಿದಳು, ನಿಂತೇ ನೀರು ಕುಡಿದಳು.

ಬಟ್ಟೆ ಸರಿಸಿದರೆ ಒಳಗೆ ಬೂದು ಬಣ್ಣದ, ಗಿಣಿಯ ಜಾತಿಯ ಒಂದು ಕಾಕಟೀಲ್ ಹಕ್ಕಿ. ತಲೆಯ ಮೇಲೆ ಹಳದಿ ಜುಟ್ಟು, ಎರಡು ಕೆನ್ನೆಗೂ ಯಾರೋ ಬೆರಳಲ್ಲಿ ಒತ್ತಿದ ಹಾಗೆ ಕಿತ್ತಳೆ ಬೊಟ್ಟು. ಹೆಸರು ಜುಟ್ಟಪ್ಪ. ಡಬ್ಬಿ ಮಾಮನನ್ನು ಮೇಲಿಂದ ಕೆಳಗೆ ನೋಡಿ, ಜುಟ್ಟು ನಿಮಿರಿಸಿ, ಬೆನ್ನು ತಿರುಗಿಸಿ ಕೂತಿತು. ಮನೆಮಂದಿಯ ಬುದ್ಧಿಯೇ ಬಂದಿದೆ ಎಂದುಕೊಂಡ ಡಬ್ಬಿ ಮಾಮ. ಬಾಯಿಬಿಟ್ಟು ಹೇಳುವ ಧೈರ್ಯ ಆಗಲಿಲ್ಲ.

ಮಗಳು ಎರಡು ಆಟಿಕೆಗಳನ್ನೂ ಪಂಜರದಲ್ಲಿ ಬಿಟ್ಟು ಹೋಗಿದ್ದಳು. ಮರದ ತುಂಡುಗಳ ಒಂದು ಗೊಂಚಲು, ಬೆತ್ತದ ಒಂದು ಚೆಂಡು. ಜುಟ್ಟಪ್ಪ ಹನ್ನೆರಡು ದಿನದಲ್ಲಿ ಎರಡನ್ನೂ ಪುಡಿ ಮಾಡಿ ಮುಗಿಸಿತು. ಆಮೇಲೆ ಮಾಡಲು ಕೆಲಸವಿಲ್ಲದೆ ತನ್ನ ಎದೆಯ ಪುಕ್ಕವನ್ನೇ ಕೀಳಲು ಶುರು ಮಾಡಿತು. ಬೆಳಿಗ್ಗೆ ಎದ್ದು ನೋಡಿದರೆ ಕಾಗದದ ಮೇಲೆ ಬೂದು ಪುಕ್ಕ, ಎದೆಯ ಮೇಲೆ ನಾಣ್ಯದಗಲ ಬೋಳು. ಮಗಳು ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಕೈಗೆ ಒಂದು ಜೀವ ಕೊಟ್ಟು ಹೋಗಿದ್ದಾಳೆ, ಅದು ಅವನ ಕಣ್ಣೆದುರೇ ಬೋಳಾಗುತ್ತಿದೆ. ಮಧ್ಯಾಹ್ನ ಒಂದೂಕಾಲಿಗೆ ಅವಳ ಊಟದ ಹೊತ್ತು ನೋಡಿಕೊಂಡು ಫೋನು ಮಾಡಿದ.

"ಬೇಜಾರಾದರೆ ಹಾಗೆ ಮಾಡ್ತಾನೆ," ಎಂದಳು ಮಗಳು. ದನಿ ಬಿಗಿಯಾಗಿಯೇ ಇತ್ತು. "ಕಚ್ಚಿ ಹರಿಯೋಕೆ ಏನಾದ್ರೂ ಬೇಕು. ಮನೆಯಲ್ಲೇ ಮಾಡಿಕೊಡು. ಆದರೆ ಕೈಗೆ ಸಿಕ್ಕಿದ್ದೆಲ್ಲ ಹಾಕಬೇಡ. ಹಾಕೋ ಮುಂಚೆ ನನ್ನನ್ನ ಕೇಳು."

"ಕೇಳ್ತೀನಮ್ಮ," ಎಂದ ಡಬ್ಬಿ ಮಾಮ.

ಕೇಳಿದ. ಅವನ ಜನ್ಮದಲ್ಲೇ ಅಷ್ಟು ಕೇಳಿರಲಿಲ್ಲ. ಎದುರು ಅಂಗಡಿಯ ಬಡಗಿ ಒಂದು ಬುಟ್ಟಿ ತುಂಬ ತುಂಡು ಮರ ಕೊಟ್ಟ. ಮರುದಿನ ಒಂದೂಕಾಲಿಗೆ ಫೋನು. "ಪ್ಲೈವುಡ್ ಬೇಡ, ಅದರಲ್ಲಿ ಅಂಟಿದೆ," ಎಂದಳು. "ಪಾಲಿಶ್ ಹೊಡೆದಿದ್ದು, ಬಣ್ಣ ಬಳಿದಿದ್ದು ಬೇಡ. ಸಾಮಾನಿನ ಪೆಟ್ಟಿಗೆ ಒಡೆದ ಮರ ಇದ್ದರೆ ಅದೂ ಬೇಡ, ಹುಳ ಹಿಡೀಬಾರದು ಅಂತ ಔಷಧಿ ಹಾಕಿರ್ತಾರೆ." ಬುಟ್ಟಿಯನ್ನು ಸುರಿದು ಆರಿಸಿದರೆ ಉಳಿದದ್ದು ಏನೂ ಬಳಿಯದ ಮಾವಿನ ಮರದ ಏಳು ತುಂಡು. "ನೀನು ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಹಕ್ಕಿಗೆ ಅಪಥ್ಯ," ಎಂದು ಬಡಗಿಗೆ ಹೇಳಿದಾಗ ಬಡಗಿ, "ನನ್ನ ಅಳಿಯನಿಗೂ ಇಷ್ಟು ಉಪಚಾರ ಮಾಡಿಲ್ಲ ಮಾರಾಯ," ಎಂದು ನಕ್ಕ.

ಆಮೇಲೆ ಹಗ್ಗದ ಸರದಿ. ಗೋಣಿ ಹುರಿಗೆ ಎಣ್ಣೆ ವಾಸನೆ ಇದೆಯಾ ಮೂಸಿ ನೋಡು ಎಂದಳು. ಮೂಸಿದ, ಇತ್ತು. ಬೇಡ. ಹತ್ತಿಯ ದಾರ? ಅದಂತೂ ಬೇಡವೇ ಬೇಡ. ಜುಟ್ಟಪ್ಪನಿಗಿಂತ ಮುಂಚೆ ಅವಳ ಹತ್ತಿರ ಇನ್ನೊಂದು ಹಕ್ಕಿ ಇತ್ತಂತೆ, ಎಳೆ ಎಳೆಯಾಗಿ ದಾರ ನುಂಗಿ ಗಂಟಲ ಚೀಲ ಕಟ್ಟಿ ಸತ್ತಿತಂತೆ. ಅವಳಿಗೆ ಒಂದು ಹಕ್ಕಿ ಇತ್ತು, ಅದು ಸತ್ತಿತು, ಅವಳು ಅತ್ತಿರಬೇಕು, ತನಗೆ ಯಾವುದೂ ಗೊತ್ತಿಲ್ಲ. ಅಪ್ಪ ಅನ್ನಿಸಿಕೊಂಡವನಿಗೆ ಅದು ಚುಚ್ಚಿತು.

ಚರ್ಮದ ಪಟ್ಟಿ ಬೇಡ, ಹದ ಮಾಡುವಾಗ ರಸಾಯನ ಹಾಕುತ್ತಾರೆ. ಬಣ್ಣದ ಮಣಿ ಬೇಡ. ಅಚ್ಚಾದ ಹೊಳಪಿನ ಕಾಗದ ಬೇಡ, ಕಂದು ದಪ್ಪ ಕಾಗದ ಆಗಬಹುದು. ಬೆತ್ತ ಆಗಬಹುದು, ಒಣಗಿದ ಜೋಳದ ದಿಂಡು ಆಗಬಹುದು. ದಿನಕ್ಕೊಂದು ಪ್ರಶ್ನೆ. ಎರಡು ಪ್ರಶ್ನೆ ಇದ್ದರೂ ಒಂದನ್ನು ನಾಳೆಗೆ ಇಟ್ಟುಕೊಳ್ಳುತ್ತಿದ್ದ, ಕಳ್ಳ. ಮೂರನೆಯ ವಾರಕ್ಕೆ ಅವಳ ದನಿಯ ಬಿಗಿ ಸಡಿಲವಾಯಿತು. ಅಂಗಡಿಗೆ ಬಂದ ಒಬ್ಬ ಅಜ್ಜ, ತನ್ನ ಹೆಂಡತಿ ಚಿಕ್ಕವಳ ಹಾಗೆ ಕಾಣುವ ಕನ್ನಡಕ ಕೊಡು ಅಂತ ಹಟ ಹಿಡಿದು ಕೂತದ್ದನ್ನು ಹೇಳಿ ನಕ್ಕಳು. ಆ ನಗು ಅವಳಮ್ಮನದೇ. ಡಬ್ಬಿ ಮಾಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಮತ್ತೊಂದು ದಿನ ಮಾತು ಮುಗಿಸುವ ಹೊತ್ತಿಗೆ, "ಊಟ ಆಯ್ತಾ ಅಪ್ಪಾ?" ಎಂದು ಕೇಳಿದಳು. ಅಪ್ಪಾ ಎಂದು ಕರೆದು ಒಂಬತ್ತು ವರ್ಷವಾಗಿತ್ತು. ಕೂತಿದ್ದವನು ಎದ್ದು ನಿಂತ. ಆಗಿರಲಿಲ್ಲ, ಆಯಿತು ಎಂದ.

ಎರಡನೆಯ ತಿಂಗಳ ಕೊನೆಗೆ ಅವಳೇ ಹೇಳಿದಳು: "ಜುಟ್ಟಪ್ಪನ್ನ ಕರಕೊಂಡು ಹೋಗೋಕೆ ಬಂದಾಗ ಒಂದು ವಾರ ಇರ್ತೀನಿ. ರಜೆ ಹೇಳಿದ್ದೀನಿ."

ಒಂದು ವಾರ! ಡಬ್ಬಿ ಮಾಮ ಅಂದೇ ಹಿಂದಿನ ಕೋಣೆಯ ಬಾಗಿಲು ತೆಗೆದ. ಹೆಂಡತಿ ಹೋದ ಮೇಲೆ ಅಲ್ಲಿ ಹಳೆಯ ಡಬ್ಬ, ತಗಡಿನ ಚೂರು, ತುಂಡು ಪೈಪುಗಳೇ ಸಂಸಾರ ಹೂಡಿದ್ದವು. ಮೂರು ದಿನ ಕೂತು ಖಾಲಿ ಮಾಡಿದ. ಗೋಡೆಗೆ ಸುಣ್ಣ ಹೊಡೆದ. ಕಿಟಕಿಯ ಚಿಲಕ ಹಾಕಿದರೆ ಬೀಳುವ ಹಾಗೆ ಮಾಡಿದ. ಮಂಚದ ಒಂದು ಕಾಲು ಕುಂಟುತ್ತಿತ್ತು, ಬಡಗಿಯನ್ನು ಕಾಡಿಸಿ ಸರಿ ಮಾಡಿಸಿದ. "ಏನ್ ಮಾಮಾ, ಮದುವೆ ಮನೆನಾ?" ಎಂದು ಬಡಗಿ ಕೇಳಿದರೆ, "ಮಗಳು ಬರ್ತಾಳೆ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ.

ಅವಳು ಬಂದಾಗ ತೋರಿಸಲು ಏನಾದರೂ ಬೇಕಲ್ಲ. ಇಷ್ಟು ದಿನ ಮರದ ತುಂಡು ಪೋಣಿಸಿದ್ದು, ಬೆತ್ತ ಸುತ್ತಿದ್ದು ಅವನ ಕಣ್ಣಿಗೆ ಮಕ್ಕಳ ಕೆಲಸ. ತನ್ನ ಕೈಯ ಕೆಲಸ ಅದರಲ್ಲಿ ಎಲ್ಲಿದೆ? ಒಂದು ಉಯ್ಯಾಲೆ ಮಾಡಲು ಕೂತ. ಕೂರಲು ಮಾವಿನ ಕೊಂಬೆ, ಅದು ಅವಳು ಒಪ್ಪಿದ್ದು. ತೂಗಾಡಲು ಜೋಳದ ದಿಂಡು, ಅದೂ ಒಪ್ಪಿದ್ದು. ತೂಗುಹಾಕಲು ಮಾತ್ರ ಏನಾದರೂ ಗಟ್ಟಿ ಬೇಕು. ಮಗಳು ಬಿಟ್ಟುಹೋಗಿದ್ದ ಆಟಿಕೆಗಳ ಕಬ್ಬಿಣದ ಕೊಕ್ಕೆಗಳು ಉಳಿದಿದ್ದವು, ಕೈಗೆ ತೆಗೆದುಕೊಂಡರೆ ಬೆರಳು ಕೆಂಪಾಗುವಷ್ಟು ತುಕ್ಕು. ಛೆ, ಇದನ್ನು ಹಕ್ಕಿ ಬಾಯಿಗೆ ಹಾಕಿಕೊಂಡರೆ ಏನು ಗತಿ ಎಂದು ಎಸೆದ. ಬೆಸುಗೆ ಹಾಕುವ ಯೋಚನೆ ಬಂತು, ಕೂಡಲೇ ಬಿಟ್ಟ. ಬೆಸುಗೆಯಲ್ಲಿ ಸೀಸವಿರುತ್ತದೆ. ಅವನಿಗೆ ಕೆಲಸ ಕಲಿಸಿದ ಯಜಮಾನರು ಸೀಸದ ಹೊಗೆ ಕುಡಿದೂ ಕುಡಿದೂ ಕೊನೆಗೆ ಲೋಟ ಎತ್ತಲಾರದಷ್ಟು ಕೈ ನಡುಗುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದ. ಹಕ್ಕಿಗೆ ಸೀಸ ಸೋಕಿಸುವಷ್ಟು ದಡ್ಡ ಅವನಲ್ಲ.

ಹಾಗಾಗಿ ಹೊಸ ತಂತಿಯ ಸುರುಳಿ ಬಿಚ್ಚಿದ. ಸತುವಿನ ಲೇಪದ, ಬೆಳ್ಳಿಯ ಹಾಗೆ ಹೊಳೆಯುವ, ನೀರಿಗೂ ಗಾಳಿಗೂ ಜಗ್ಗದ ಒಳ್ಳೆಯ ತಂತಿ. ಅದನ್ನು ಚಿಕ್ಕ ಚಿಕ್ಕ ಬಳೆಗಳಾಗಿ ಬಾಗಿಸಿ, ಒಂದರೊಳಗೊಂದು ಸೇರಿಸಿ, ತುದಿಗಳು ಕಾಲಿಗೆ ಚುಚ್ಚದ ಹಾಗೆ ಉಜ್ಜಿ, ಎರಡು ಸರಪಳಿ ಮಾಡಿದ. ಒಂದೊಂದಕ್ಕೆ ಅರವತ್ತು ಬಳೆ. ಅದೇ ಲೇಪದ ತಗಡಿನಲ್ಲಿ ಐದು ದಳದ ನಾಲ್ಕು ಹೂ ಕತ್ತರಿಸಿ, ಅಂಚು ಮಡಿಸಿ, ಸರಪಳಿಗೆ ತೂಗುಹಾಕಿದ. ನಲವತ್ತೆರಡು ವರ್ಷದಲ್ಲಿ ಅಷ್ಟು ಮುದ್ದಾದ ಸಾಮಾನು ಅವನ ಕೈಯಿಂದ ಬಂದಿರಲಿಲ್ಲ. ಬಡಗಿ ಸಹ ಬಂದು ನೋಡಿ ಬಾಯಿ ಮುಚ್ಚಿಕೊಂಡು ಹೋದ.

"ಒಂದು ಹೊಸ ಸಾಮಾನು ಮಾಡಿದ್ದೀನಿ," ಎಂದ ಫೋನಿನಲ್ಲಿ.

"ಏನು?"

"ಬಂದಾಗ ನೋಡು."

"ಮರ, ಹಗ್ಗ ಎಲ್ಲಾ ನಾನು ಹೇಳಿದ್ದೇ ತಾನೆ ಹಾಕಿರೋದು?"

"ನೀನು ಬೇಡ ಅಂದಿದ್ದು ಒಂದು ಚೂರೂ ಇಲ್ಲಮ್ಮ." ಸುಳ್ಳು ಹೇಳಲಿಲ್ಲ ಅವನು. ಮರದ ವಿಷಯ ಗೊತ್ತಿರಲಿಲ್ಲ, ಕೇಳಿದ. ಹಗ್ಗದ ವಿಷಯ ಗೊತ್ತಿರಲಿಲ್ಲ, ಕೇಳಿದ. ತಂತಿಯ ವಿಷಯವನ್ನು ಡಬ್ಬಿ ಮಾಮ ಇನ್ನೊಬ್ಬರನ್ನು ಕೇಳುವುದೇ? ಆ ಪ್ರಶ್ನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಜುಟ್ಟಪ್ಪನಿಗೂ ಉಯ್ಯಾಲೆ ಹಿಡಿಸಿತು. ಕೊಂಬೆಯನ್ನು ಬಿಟ್ಟು ಸರಪಳಿಗೇ ಜೋತುಬಿದ್ದು, ಒಂದೊಂದೇ ಬಳೆಯನ್ನು ಕೊಕ್ಕಿನಲ್ಲಿ ಹಿಡಿದು ಕಿರಿಕಿರಿ ಎಂದು ಕೆರೆಯುತ್ತಿತ್ತು. ಹೂಗಳ ಅಂಚನ್ನು ನೆಕ್ಕುತ್ತಿತ್ತು. ಎದೆಯ ಪುಕ್ಕ ಕೀಳುವುದು ನಿಂತೇ ಹೋಯಿತು. ಡಬ್ಬಿ ಮಾಮ ಕೆಲಸ ಬಿಟ್ಟು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ನೋಡು, ಮರ ಬೇಡ, ಬೆತ್ತ ಬೇಡ, ನನ್ನ ಕೆಲಸವೇ ಬೇಕು ನಿನಗೆ ಎಂದು ಅದರ ಜೊತೆ ಮಾತಾಡುತ್ತಿದ್ದ. ಅಷ್ಟು ಸಂತೋಷವಾಗಿ ಅವನು ಬಹಳ ವರ್ಷಗಳಿಂದ ಇದ್ದಿರಲಿಲ್ಲ.

ಮಗಳು ಬರಲು ಹನ್ನೊಂದು ದಿನ ಇತ್ತು. ಬೆಳಿಗ್ಗೆ ಬಟ್ಟೆ ಸರಿಸಿದರೆ ಜುಟ್ಟಪ್ಪ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ನೀರಿನ ಬಟ್ಟಲು ಬರಿದು. ಕಾಗದದ ಮೇಲೆ ಹಸಿರು ಹಸಿರು ನೀರಾದ ಹಿಕ್ಕೆ. ಕಾಳು ಮುಟ್ಟಿಲ್ಲ. ಡಬ್ಬಿ ಮಾಮ ಆ ದಿನ ನಾಳೆ ನೋಡೋಣ ಅನ್ನಲಿಲ್ಲ. ಕೊಡತಿ ಮುಟ್ಟಲಿಲ್ಲ, ಮುಖ ತೊಳೆಯಲಿಲ್ಲ. ಷಟರು ಅರ್ಧ ಎಳೆದು, ಪಂಜರವನ್ನು ಎದೆಗೆ ಒತ್ತಿಕೊಂಡು, ಎರಡು ಬಸ್ಸು ಬದಲಿಸಿ ಪ್ರಾಣಿಗಳ ಆಸ್ಪತ್ರೆ ಬಾಗಿಲು ತೆರೆಯುವ ಮುಂಚೆ ಅಲ್ಲಿ ನಿಂತಿದ್ದ. ಇದೊಂದು ಸಲ ತಡ ಮಾಡಲಿಲ್ಲ ಎಂಬುದನ್ನು ಅವನ ಲೆಕ್ಕಕ್ಕೆ ಹಿಡಿಯಬೇಕು, ಹಿಡಿಯುವವರು ಯಾರಾದರೂ ಇದ್ದರೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಎದೆಮೂಳೆ ಮುಟ್ಟಿ ನೋಡಿದರು. "ಪಂಜರದಲ್ಲಿ ಆಟದ ಸಾಮಾನು ಏನೇನು ಹಾಕಿದ್ದೀರಿ?"

ಡಬ್ಬಿ ಮಾಮ ಪಾಠ ಒಪ್ಪಿಸಿದ. ಬಣ್ಣವಿಲ್ಲದ ಮಾವಿನ ಮರ, ಬೆತ್ತ, ಕಂದು ಕಾಗದ. ದಾರ ಇಲ್ಲ, ಚರ್ಮ ಇಲ್ಲ, ಸೀಸದ ಬೆಸುಗೆ ಇಲ್ಲ. "ಎಲ್ಲಾ ನನ್ನ ಮಗಳನ್ನ ಕೇಳೇ ಹಾಕಿದ್ದು," ಎಂದ.

ಡಾಕ್ಟರಮ್ಮನ ಕಣ್ಣು ಪಂಜರದೊಳಗೆ ಹೋಯಿತು. "ಈ ಸರಪಳಿ?"

"ಅದು ನಾನೇ ಮಾಡಿದ್ದು ತಾಯಿ. ಒಳ್ಳೇ ತಂತಿ. ತುಕ್ಕು ಹಿಡಿಯಲ್ಲ."

ಅವರು ಎಕ್ಸ್‌ರೇ ತೆಗೆಸಿದರು. ಕಪ್ಪು ಹಾಳೆಯಲ್ಲಿ ಹಕ್ಕಿಯ ಹೊಟ್ಟೆಯ ಜಾಗದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. "ಇದು ಸತುವು. ಕೆರೆದು ಕೆರೆದು ತಿಂದಿದೆ. ಹಕ್ಕಿಗಳಿಗೆ ಇದು ವಿಷ. ಹೊಸ ತಂತಿ ಆದರೆ ಇನ್ನೂ ಕೆಟ್ಟದು, ಲೇಪ ಸುಲಭವಾಗಿ ಏಳುತ್ತೆ."

"ತುಕ್ಕು ಕೊಕ್ಕೆ ಇತ್ತು, ಅದನ್ನ ಎಸೆದು ಇದನ್ನ ಹಾಕಿದೆ," ಎಂದ ಡಬ್ಬಿ ಮಾಮ. ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ.

"ಅದೇ ಇದ್ದಿದ್ದರೆ ವಾಸಿಯಿತ್ತು," ಎಂದರು ಡಾಕ್ಟರಮ್ಮ. ಬೈಯಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೇ. ಮೈಯಿಂದ ಲೋಹ ಇಳಿಸುವ ಸೂಜಿ ಕೊಟ್ಟರು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ನಾಳೆವರೆಗೆ ತಡೆದರೆ ನೋಡಬಹುದು ಎಂದರು.

ಮಗಳಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಮರುದಿನ ಮಧ್ಯಾಹ್ನ ಬಂದಳು. ಹಕ್ಕಿ ಬೆಳಿಗ್ಗೆ ಹತ್ತು ಗಂಟೆಗೆ, ಎರಡು ಸಲ ರೆಕ್ಕೆ ಸೆಟೆಸಿ ಸತ್ತಿತ್ತು. ಆಸ್ಪತ್ರೆಯವರು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಡಬ್ಬಿ ಮಾಮ ಹೊರಗಿನ ಬೆಂಚಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಂಜರ ಕಾಲ ಹತ್ತಿರ ಇತ್ತು, ಅದರೊಳಗೆ ಉಯ್ಯಾಲೆಯೂ ಇತ್ತು. ಬಿಚ್ಚಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮಗಳು ಬಟ್ಟೆ ಬಿಡಿಸಿ ನೋಡಿದಳು. ಜುಟ್ಟನ್ನು ಒಂದು ಬೆರಳಿನಿಂದ ಸವರಿದಳು. ಆಮೇಲೆ ಪಂಜರದ ಬಾಗಿಲು ತೆಗೆದು ಉಯ್ಯಾಲೆ ಹೊರತೆಗೆದು, ಹೂಗಳನ್ನೂ ಬಳೆಗಳನ್ನೂ ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಮಾಡಿದ್ದೀಯ," ಎಂದಳು. ನಿಜವಾಗಿಯೇ ಹೇಳಿದಳು. "ಜೋಳದ ದಿಂಡು ಹಾಕೋಕೂ ನನ್ನನ್ನ ಕೇಳಿದೆ. ತಂತಿ ಯಾಕೆ ಕೇಳಲಿಲ್ಲ?"

"ಅದು ನನಗೆ ಗೊತ್ತಿರೋ ವಿಷಯ ಅಂದ್ಕೊಂಡೆ ಕಣಮ್ಮ."

"ಅಮ್ಮನ ಹೊಟ್ಟೆನೋವೂ ನಿನಗೆ ಗೊತ್ತಿತ್ತು."

ಅವಳು ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೆ ಕಾಲು ಹಿಡಿದಾದರೂ ಕ್ಷಮೆ ಕೇಳುತ್ತಿದ್ದ. ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಇಬ್ಬರೂ ಸೇರಿ ಒಂದು ಗುಣಿ ತೋಡಿ ಹಕ್ಕಿಯನ್ನು ಹೂತರು. ಮಣ್ಣು ಗಟ್ಟಿ ಇತ್ತು, ಅವನೇ ಅಗೆದ. ಕೈ ತೊಳೆದುಕೊಂಡು ಅವಳು ಬಸ್ಸಿನ ಹೊತ್ತು ನೋಡಿಕೊಂಡಳು.

"ಮನೆಗೆ ಬಂದು ಹೋಗು," ಎಂದ. "ಕೋಣೆ ತಯಾರು ಮಾಡಿದ್ದೀನಿ. ಒಂದು ಲೋಟ ನೀರಾದರೂ ಕುಡಿದು ಹೋಗು."

"ಬೇಡ ಅಪ್ಪ. ಕೆಲಸ ಇದೆ." ಮೂರು ಗಂಟೆಯ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಳು, ಕೈಯನ್ನೂ ಬೀಸಿದಳು. ಅವನು ಖಾಲಿ ಪಂಜರ ಹಿಡಿದುಕೊಂಡು ಮನೆಗೆ ಬಂದ.

ಐದು ದಿನ ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ಬಕೆಟ್ಟು ಕೇಳಲು ಬಂದವರಿಗೆ ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದ. ಆರನೆಯ ದಿನ ತಡೆಯಲಾರದೆ, ಮಧ್ಯಾಹ್ನ ಒಂದೂಕಾಲಿಗೆ ಫೋನು ಕೈಗೆ ತೆಗೆದುಕೊಂಡ. ಏನಾದರೂ ಕೇಳಬೇಕಲ್ಲ, ಏನು ಕೇಳುವುದು ಎಂದು ಬೆಳಗಿನಿಂದ ಯೋಚಿಸಿ ಇಟ್ಟುಕೊಂಡಿದ್ದ.

ಅವಳು ಎತ್ತಿದಳು. ಹಿಂದೆ ಗಾಜು ಉಜ್ಜುವ ಯಂತ್ರದ ಸದ್ದು ಕೇಳುತ್ತಿತ್ತು.

"ಜುಟ್ಟಪ್ಪನ ಒಂದು ಡಬ್ಬ ನವಣೆ ಉಳಿದಿದೆ," ಎಂದ. "ಏನು ಮಾಡಲಿ ಅಂತ ಕೇಳೋಣ ಅಂತ ಮಾಡಿದೆ. ಸಿಟ್ಟು ಇದ್ದರೆ ಬೈದುಬಿಡಮ್ಮ. ಎಷ್ಟು ಬೇಕಾದರೂ ಬೈ."

"ಸಿಟ್ಟಿಲ್ಲ ಅಪ್ಪ," ಎಂದಳು ಮಗಳು. "ಒಂಬತ್ತು ವರ್ಷ ಸಿಟ್ಟಿತ್ತು. ಸಿಟ್ಟಿರೋವರೆಗೂ ಒಂದಲ್ಲ ಒಂದು ದಿನ ಮನೆಗೆ ಬರ್ತೀನಿ ಅನ್ನಿಸ್ತಾ ಇತ್ತು. ಈಗ ಅದೂ ಇಲ್ಲ. ನವಣೆ ಯಾರಿಗಾದ್ರೂ ಕೊಟ್ಟುಬಿಡು."

ಊಟದ ಹೊತ್ತು ಮುಗಿಯಿತು ಎಂದು ಹೇಳಿ ಫೋನು ಇಟ್ಟಳು.